ಗುಂಡನಿಗೆ ಶುಗರ್ ಬಂದಿದೆ, ಡಬ್ಬಿ ಫುಡ್ ಏನು ನೋಡಿ ತಗೋಬೇಕು?

ಗುಂಡನ ಅಮ್ಮ:
ನಮಸ್ಕಾರ ಎಲ್ರಿಗೂ. ಮೊದಲ್ನೇ ಸಲ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ. ನಮ್ ಬೆಕ್ಕು ಗುಂಡನಿಗೆ 11 ವರ್ಷ, ಆಪರೇಷನ್ ಆಗಿರೋ ಗಂಡು, ಹೆಸರಿಗೆ ತಕ್ಕ ಹಾಗೆ 7 ಕೆಜಿ ಇದ್ದ. ಎರಡು ತಿಂಗಳಲ್ಲಿ 5.8ಕ್ಕೆ ಇಳಿದಾಗ ನಾವು ಡಯಟ್ ವರ್ಕ್ ಆಗ್ತಿದೆ ಅಂತ ಖುಷಿ ಪಟ್ವಿ ನೋಡಿ, ಅಷ್ಟು ದಡ್ಡರು. ಆಮೇಲೆ ನೀರಿನ ಬಟ್ಟಲು ದಿನಕ್ಕೆರಡು ಸಲ ಖಾಲಿ, ಲಿಟರ್ ಬಾಕ್ಸಲ್ಲಿ ಒಂದೊಂದು ಉಂಡೆ ಮುಷ್ಟಿ ಗಾತ್ರ, ಸೋಫಾ ಹತ್ತೋಕೆ ಹೋಗಿ ಜಾರಿ ಬೀಳೋದು. ಟೆಸ್ಟ್ ಮಾಡ್ಸಿದ್ರೆ ಶುಗರ್ 412. ಕ್ಲಿನಿಕ್ಕಿಗೆ ಬಂದ ಗಾಬರಿಗೇ ಬೆಕ್ಕಿಗೆ ಶುಗರ್ ಏರಬಹುದು ಅಂತ ಫ್ರಕ್ಟೋಸಮೀನ್ ಅನ್ನೋ ಇನ್ನೊಂದು ಟೆಸ್ಟೂ ಮಾಡಿದ್ರು, ಅದು ಹಿಂದಿನ ಒಂದೆರಡು ವಾರದ ಲೆಕ್ಕ ಹೇಳುತ್ತಂತೆ, ಅದೂ ಜಾಸ್ತಿನೇ. ಅಲ್ಲಿಗೆ ಡಯಾಬಿಟಿಸ್ ಪಕ್ಕಾ ಆಯ್ತು. ಗ್ಲಾರ್ಜಿನ್ ಇನ್ಸುಲಿನ್ 2 ಯೂನಿಟ್, 12 ಗಂಟೆಗೊಂದ್ಸಲ.

ಡಾಕ್ಟ್ರು ಡ್ರೈ ಫುಡ್ ಬಿಡ್ಸಿ, ನಿಧಾನಕ್ಕೆ ವೆಟ್ ಫುಡ್ಡಿಗೆ ತನ್ನಿ ಅಂದ್ರು. ನಾನು ವೆಟ್ ಅಂದ್ರೆ ಡಾಕ್ಟರ್ ಬರ್ಕೊಡೋ ಫುಡ್ ಅನ್ಕೊಂಡು ಚೀಟಿಗೆ ಕಾಯ್ತಾ ಕೂತಿದ್ದೆ, ಅವ್ರು ಹೇಳಿದ್ದು ಒದ್ದೆ ಫುಡ್ಡು, ಡಬ್ಬಿದು 🙈 ಈಗ ಡಬ್ಬಿ ನೋಡಿದ್ರೆ ನೂರೆಂಟು ಥರ, ಎಲ್ಲದರ ಮೇಲೂ ಒಂದೇ ಥರ ಬೆಕ್ಕಿನ ಫೋಟೋ. ಏನು ನೋಡಿ ತಗೋಬೇಕು?

ಎರಡು ಮೀಸೆ:
ವೆಟ್ ಜೋಕ್ ಇಲ್ಲಿ ಎಲ್ರಿಗೂ ಆಗಿದೆ ಬಿಡಿ ಅಕ್ಕ, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ 😄

ಮೊದಲ್ನೇ ಮಾತು, ಡಬ್ಬಿ ಮುಂದೆ ಬರೆದಿರೋದನ್ನ ಓದ್ಲೇಬೇಡಿ. "ಇಂಡೋರ್", "ಸೀನಿಯರ್", "ಲೈಟ್", "ನ್ಯಾಚುರಲ್" ಇವ್ಯಾವೂ ಕಾರ್ಬ್, ಅಂದ್ರೆ ಶುಗರ್ ಏರಿಸೋ ಪಿಷ್ಟ ಸಕ್ಕರೆ, ಎಷ್ಟು ಅಂತ ಹೇಳಲ್ಲ. ತಿರುಗ್ಸಿ ಹಿಂದೆ ನೋಡಿ, ಸಣ್ಣಕ್ಷರದಲ್ಲಿ ಪ್ರೋಟೀನ್, ಫ್ಯಾಟ್, ಫೈಬರ್, ತೇವಾಂಶ ಅಂತ ಇರುತ್ತೆ. ಕಾರ್ಬ್ ಅಂತ ಒಂದು ಸಾಲು ಸಾಮಾನ್ಯವಾಗಿ ಇರಲ್ಲ, ನಾವೇ ಕಂಡುಹಿಡೀಬೇಕು. 100ರಲ್ಲಿ ಇವಷ್ಟನ್ನೂ ಕಳೀರಿ, ಜೊತೆಗೆ ಬೂದಿನೂ ಕಳೀರಿ. ಬೂದಿ ಅಂದ್ರೆ ಆಹಾರ ಪೂರ್ತಿ ಸುಟ್ರೆ ಉಳಿಯೋ ಖನಿಜ, ಲೇಬಲ್ಲಲ್ಲಿ ಆಷ್ ಅಂತ ಇರುತ್ತೆ. ಕೆಲವು ಡಬ್ಬಿಲಿ ಅದನ್ನ ಹಾಕಿರಲ್ಲ, ಆಗ ಅಂದಾಜು 2ರಿಂದ 2.5 ಅಂತ ಹಿಡ್ಕೊಳಿ. ಉಳಿದಿದ್ದೇ ಕಾರ್ಬ್.

ನನ್ ಮುಂದಿರೋ ಪಾಟೆ ಡಬ್ಬಿ, ಅಂದ್ರೆ ನುಣ್ಣಗೆ ಅರೆದು ಒತ್ತಿರೋದು: ಪ್ರೋಟೀನ್ 11, ಫ್ಯಾಟ್ 6, ಫೈಬರ್ 1, ನೀರು 78, ಬೂದಿ 2.5. ಕೂಡಿದ್ರೆ 98.5. ಕಾರ್ಬ್ 1.5.
ಅದೇ ಕಂಪನಿದು ಗ್ರೇವಿ ಡಬ್ಬಿ: ಪ್ರೋಟೀನ್ 9, ಫ್ಯಾಟ್ 2.5, ಫೈಬರ್ 1, ನೀರು 80, ಬೂದಿ 2. ಕೂಡಿದ್ರೆ 94.5. ಕಾರ್ಬ್ 5.5.

ಗ್ರೇವಿ ಅಷ್ಟು ಮಂದ ಬರೋದೇ ಪಿಷ್ಟದಿಂದ. ಗೋಧಿ ಹಿಟ್ಟು, ಸ್ಟಾರ್ಚ್, ಟಾಪಿಯೋಕಾ ಏನೋ ಒಂದು ಹಾಕಿರ್ತಾರೆ. ಹಾಗಾಗಿ ಮೊದಲು ಪಾಟೆ ಕಡೆ ನೋಡಿ.

ಕಪ್ಪಿ ಅಪ್ಪ:
ಸಿಂಪಲ್ಲಾಗಿ ಗ್ರೇನ್ ಫ್ರೀ ಅಂತ ಇರೋದು ತಗೊಳ್ಳಿ ಮೇಡಂ, ಧಾನ್ಯ ಇಲ್ಲ ಅಂದ್ಮೇಲೆ ಕಾರ್ಬ್ ಎಲ್ಲಿಂದ ಬರುತ್ತೆ. ಈ ಕೂಡೋದು ಕಳೆಯೋದು ನೋಡಿದ್ರೆ ಜನ ಓಡಿಹೋಗ್ತಾರೆ.

ಸೂಜಿಮಲ್ಲಿ:
ಕಪ್ಪಿ ಅಪ್ಪ, ಇದನ್ನ ಮಾತ್ರ ಒಪ್ಪಲ್ಲ. ಗೋಧಿ ತೆಗೆದು ಆ ಜಾಗಕ್ಕೆ ಆಲೂಗಡ್ಡೆ, ಬಟಾಣಿ, ಟಾಪಿಯೋಕಾ ಹಾಕಿದ್ರೂ ಗ್ರೇನ್ ಫ್ರೀನೇ. ಬೆಕ್ಕಿನ ರಕ್ತಕ್ಕೆ ಅದು ಗೋಧಿ ಸಕ್ಕರೆನಾ ಆಲೂಗಡ್ಡೆ ಸಕ್ಕರೆನಾ ಅಂತ ಗೊತ್ತಾಗಲ್ಲ.

ಗುಂಡನ ಅಮ್ಮ, ಮೀಸೆ ಹೇಳಿದ್ದು ಸರಿ ಆದ್ರೆ ಅರ್ಧಕ್ಕೆ ನಿಲ್ಲಿಸಿದಾರೆ. 1.5 ಎಲ್ಲಿ 5.5 ಎಲ್ಲಿ, ಎರಡೂ ಚಿಕ್ಕ ನಂಬರ್ ಥರ ಕಾಣುತ್ತೆ ಯಾಕಂದ್ರೆ ಡಬ್ಬಿಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ನೋಡ್ಬೇಕಾಗಿದ್ದು ಒಟ್ಟು ಕ್ಯಾಲೊರಿಲಿ ಕಾರ್ಬ್ ಪಾಲೆಷ್ಟು ಅಂತ. ಪ್ರೋಟೀನನ್ನ 3.5ರಿಂದ ಗುಣಿಸಿ, ಫ್ಯಾಟನ್ನ 8.5ರಿಂದ, ಕಾರ್ಬನ್ನ 3.5ರಿಂದ, ಒಂದು ಗ್ರಾಮಲ್ಲಿರೋ ಕ್ಯಾಲೊರಿ ಸುಮಾರು ಅಷ್ಟು. ಪಾಟೆಗೆ 38.5, 51, 5.25, ಒಟ್ಟು 94.75, ಅದ್ರಲ್ಲಿ ಕಾರ್ಬ್ ಸುಮಾರು ಐದೂವರೆ ಪರ್ಸೆಂಟ್. ಗ್ರೇವಿಗೆ 31.5, 21.25, 19.25, ಒಟ್ಟು 72, ಕಾರ್ಬ್ ಹತ್ತಿರಹತ್ತಿರ 27 ಪರ್ಸೆಂಟ್! ಡ್ರೈ ಫುಡ್ಡಿಗೇನೂ ಕಮ್ಮಿ ಇಲ್ಲ ಅದು. ಡ್ರೈ ಕಾಳುಗಳು ಆ ಆಕಾರಕ್ಕೆ ಬರೋಕೇ ಪಿಷ್ಟ ಬೇಕು, ಸಾಮಾನ್ಯವಾಗಿ 30ರ ಆಸುಪಾಸು ಇರ್ತವೆ. ಅಮೆರಿಕನ್ ಅನಿಮಲ್ ಹಾಸ್ಪಿಟಲ್ ಅಸೋಸಿಯೇಷನ್‌ನವರ 2018ರ ಡಯಾಬಿಟಿಸ್ ಗೈಡ್‌ಲೈನಲ್ಲಿ ಶುಗರ್ ಇರೋ ಬೆಕ್ಕಿಗೆ ಸುಮಾರು 12 ಪರ್ಸೆಂಟ್ ಕ್ಯಾಲೊರಿ ಮಾತ್ರ ಕಾರ್ಬ್‌ನಿಂದ, ಪ್ರೋಟೀನಿಂದ 40ಕ್ಕಿಂತ ಜಾಸ್ತಿ ಅಂತಿದೆ. ನಾನು 10ರ ಒಳಗೆ ಇಟ್ಕೊಂಡಿದೀನಿ.

ಬೆಕ್ಕು ಹುಟ್ಟಿದ್ದೇ ಮಾಂಸ ತಿನ್ನೋಕೆ ಅಕ್ಕ. ಒಂದೇ ಸಲಕ್ಕೆ ತುಂಬಾ ಗ್ಲೂಕೋಸ್ ಬಂದಾಗ ಅದನ್ನ ಹಿಡಿದು ಸಾಗಹಾಕೋ ಗ್ಲುಕೋಕೈನೇಸ್ ಅನ್ನೋ ಕಿಣ್ವ ಅದರ ಲಿವರಲ್ಲಿ ತೀರಾ ಕಮ್ಮಿ. ನಾಯಿ ಥರ ಅಲ್ಲ.

ಇನ್ನೊಂದು, ಇದನ್ನ ದೊಡ್ಡಕ್ಷರದಲ್ಲಿ ಓದ್ಕೊಳ್ಳಿ: ಫುಡ್ ಬದಲಾಯಿಸೋ ಮುಂಚೆ ಡಾಕ್ಟ್ರಿಗೆ ಹೇಳಿ, ಮನೇಲಿ ಗ್ಲೂಕೋಮೀಟರ್ ಇಟ್ಕೊಳ್ಳಿ. ಈಗಿನ 2 ಯೂನಿಟ್ ಲೆಕ್ಕ ಹಾಕಿರೋದು ಡ್ರೈ ತಿನ್ನೋ ಗುಂಡನಿಗೆ. ಕಾರ್ಬ್ ಇಳಿಸಿದ ದಿನವೇ ಅದೇ ಡೋಸ್ ಅವನಿಗೆ ಜಾಸ್ತಿ ಆಗ್ಬಹುದು.

ಗುಂಡನ ಅಮ್ಮ:
ತುಂಬಾ ಥ್ಯಾಂಕ್ಸ್, ಪೇಪರ್ ಪೆನ್ನು ತಗೊಂಡು ಕೂತಿದೀನಿ. ಮೀಟರ್ ತಂದಿದೀನಿ, ಪ್ರಾಣಿಗಳಿಗೇ ಅಂತ ಇರೋದು, ಆದ್ರೆ ಕಿವಿ ಚುಚ್ಚೋಕೆ ಇನ್ನೂ ಧೈರ್ಯ ಬಂದಿಲ್ಲ. ಒಂದು ಡೌಟು, ಡ್ರೈ ಪ್ಯಾಕೆಟ್ ಮೇಲೆ ಪ್ರೋಟೀನ್ 34 ಅಂತಿದೆ, ಡಬ್ಬಿಲಿ ಬರೀ 11. ಹಾಗಾದ್ರೆ ಡ್ರೈಲೇ ಪ್ರೋಟೀನ್ ಜಾಸ್ತಿ ಅಲ್ವಾ?

ಎರಡು ಮೀಸೆ:
ನೀರು ತೆಗೆದು ನೋಡಿ. ಡಬ್ಬಿಲಿ 78 ನೀರು ಹೋದ್ರೆ ಉಳಿಯೋದು 22, ಅದ್ರಲ್ಲಿ 11 ಅಂದ್ರೆ ಅರ್ಧಕ್ಕರ್ಧ ಪ್ರೋಟೀನ್. ಡ್ರೈಲಿ 10 ನೀರು ಹೋದ್ರೆ 90ರಲ್ಲಿ 34, ಅಂದ್ರೆ 38ರ ಹತ್ರ. ಈಗ ಹೇಳಿ ಯಾವ್ದು ಜಾಸ್ತಿ.

ನಿದ್ದೆಗೇಡಿ:
ಮಧ್ಯ ಬಾಯಿ ಹಾಕ್ತೀನಿ. ನೀವೆಲ್ಲಾ ಇಲ್ಲಿ ಕೂತು ಲೆಕ್ಕ ಮಾಡ್ತಿದೀರಿ, ನಮ್ ಡಾಕ್ಟ್ರು ಖಡಾಖಂಡಿತ ಹೇಳಿದಾರೆ ಪ್ರಿಸ್ಕ್ರಿಪ್ಷನ್ ಡಯಾಬಿಟಿಕ್ ಫುಡ್ ಬಿಟ್ಟು ಬೇರೇದು ಮುಟ್ಬೇಡಿ ಅಂತ. ಓದಿರೋರು ಅವ್ರಾ ನೀವಾ?

ಸೂಜಿಮಲ್ಲಿ:
ಓದಿರೋರು ಅವ್ರೇ, ಅದ್ರಲ್ಲಿ ಎರಡು ಮಾತಿಲ್ಲ. ಪ್ರಿಸ್ಕ್ರಿಪ್ಷನ್ ಡಬ್ಬಿಗಳು ಒಳ್ಳೇವೇ, ಪ್ರತಿ ಡಬ್ಬಿನೂ ಒಂದೇ ಥರ ಇರುತ್ತೆ ಅನ್ನೋ ನಂಬಿಕೆ ಸಿಗುತ್ತೆ, ಲೆಕ್ಕದ ತಲೆನೋವಿಲ್ಲ. ಆದ್ರೆ ಆ ಡಬ್ಬಿಲಿ ಶುಗರ್ ಇಳಿಸೋ ಮದ್ದೇನೂ ಬೆರೆಸಿರಲ್ಲ, ಕೆಲಸ ಮಾಡೋದು ಕಮ್ಮಿ ಕಾರ್ಬ್ ಜಾಸ್ತಿ ಪ್ರೋಟೀನ್ ಅನ್ನೋದೇ. ಅದು ಮಾಮೂಲಿ ಪಾಟೆ ಡಬ್ಬಿಲೂ ಸಿಗುತ್ತೆ, ಎಷ್ಟೋ ಸಲ ಮರಿಗಳ ಡಬ್ಬಿಲೂ ಸಿಗುತ್ತೆ. ಇನ್ನೊಂದು ವಿಷ್ಯ, ಡಯಾಬಿಟಿಕ್ ಅಂತಲೇ ಮಾರೋದ್ರಲ್ಲೂ ಡ್ರೈ ಇದೆ, ಗ್ರೇವಿನೂ ಇದೆ, ಆ ಡ್ರೈನಲ್ಲಿ ಕಾರ್ಬ್ ಅದೇ ಹೆಸರಿನ ಡಬ್ಬಿಗಿಂತ ಜಾಸ್ತಿ ಇರೋದೇ ಹೆಚ್ಚು. ಮುಚ್ಚಳದ ಮೇಲಿನ ಹೆಸರು ನೋಡಿ ಸುಮ್ಮನಾಗ್ಬೇಡಿ. ನಿಮ್ ಬೆಕ್ಕಿಗೆ ಬೇರೆ ಕಾಯಿಲೆ ಇದ್ದು ಡಾಕ್ಟ್ರು ಹಾಗೆ ಹೇಳಿದ್ರೆ ಅದು ಬೇರೆ ಮಾತು, ಅದನ್ನೇ ಕೊಡಿ.

ನಿದ್ದೆಗೇಡಿ:
ಕಿಡ್ನಿನೂ ಇದೆ ನಮ್ದಕ್ಕೆ.

ಸೂಜಿಮಲ್ಲಿ:
ಅದನ್ನ ಮೊದಲೇ ಹೇಳ್ಬಾರದಾ ಮಾರಾಯ್ರೇ! ಹಾಗಿದ್ರೆ ನಿಮ್ ಡಾಕ್ಟ್ರ ಮಾತು ಕೇಳಿ. ಕಿಡ್ನಿಗೆ ಫಾಸ್ಫರಸ್ ಕಮ್ಮಿ ಬೇಕು, ಆದ್ರೆ ಕಿಡ್ನಿ ಡಯಟ್ ಎಷ್ಟೋದ್ರಲ್ಲಿ ಕಾರ್ಬ್ ಮೇಲಿರುತ್ತೆ, ಶುಗರಿಗೆ ಆಗಲ್ಲ. ಒಂದನ್ನ ಎಳೆದ್ರೆ ಇನ್ನೊಂದು ಬಿಚ್ಚುತ್ತೆ. ಕಿಡ್ನಿ ಯಾವ ಸ್ಟೇಜಲ್ಲಿದೆ ಅನ್ನೋದ್ರ ಮೇಲೆ ಯಾವ್ದಕ್ಕೆ ಮೊದಲ ಮಣೆ ಅಂತ ಅವರೇ ಹೇಳ್ಬೇಕು, ನಾವು ಇಲ್ಲಿ ಹೇಳೋ ವಿಷಯ ಅಲ್ಲ ಅದು.

ಟ್ಯೂನಾ ಪ್ರಿಯ:
ನಮ್ಮನೇಲಿ ಬರೀ ನೀರಲ್ಲಿರೋ ಟ್ಯೂನಾ ಡಬ್ಬಿ, ಮನುಷ್ಯರದ್ದೇ. ಕಾರ್ಬ್ ಸೊನ್ನೆ. ಯಾವ ಲೆಕ್ಕನೂ ಬೇಡ 😎

ಎರಡು ಮೀಸೆ:
ಕಾರ್ಬ್ ಸೊನ್ನೆ ನಿಜ, ಆದ್ರೆ ಬೆಕ್ಕಿಗೆ ಬೇಕಾದ ವಿಟಮಿನ್ನು ಖನಿಜ ಆ ಅಳತೆಲಿ ಅದ್ರಲ್ಲಿ ಇಲ್ಲ ಗುರು, ಮೇಲಿಂದ ದಿನಾ ಟ್ಯೂನಾ ಅಂದ್ರೆ ಪಾದರಸದ ಚಿಂತೆ. ಬೆಕ್ಕಿನ ಡಬ್ಬಿಗಳಲ್ಲೇ "ಕಾಂಪ್ಲಿಮೆಂಟರಿ" ಅಂತ ಬರೆದಿರೋವು ಬರ್ತವೆ, ಅವು ಬಾಯಿರುಚಿಗೆ ಮಾತ್ರ, ಊಟ ಅಲ್ಲ. "ಕಂಪ್ಲೀಟ್" ಅಂತ ಇರ್ಬೇಕು, ಅಮೆರಿಕದ ಡಬ್ಬಿ ಆದ್ರೆ ಅಲ್ಲಿ ಪ್ರಾಣಿಗಳ ಆಹಾರಕ್ಕೆ ಅಳತೆ ನಿಗದಿ ಮಾಡೋ ಸಂಘ ಎಎಎಫ್‌ಸಿಒ ಹೆಸರಿನ ಒಂದು ಸಾಲು ಇರುತ್ತೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಯೂನಿವರ್ಸಿಟಿಯವರು ಬೆಕ್ಕುಗಳ ಹೃದಯ ಊದಿಕೊಳ್ಳೋ ಕಾಯಿಲೆಗೆ ಆಹಾರದಲ್ಲಿ ಟಾರಿನ್ ಅನ್ನೋ ಪೋಷಕಾಂಶ ಕಮ್ಮಿ ಆಗಿದ್ದೇ ಕಾರಣ ಅಂತ ತೋರ್ಸಿದ್ರು, ಆ ಬೆಕ್ಕುಗಳು ತಿಂತಿದ್ದಿದ್ದು ಅಂಗಡಿಲಿ ಸಿಗೋ ರೆಡಿ ಫುಡ್ಡೇ! ಅದಾದ್ಮೇಲೆ ಕಂಪನಿಗಳು ಟಾರಿನ್ ಜಾಸ್ತಿ ಮಾಡಿದ್ರು. ಬೆಕ್ಕಿನ ಮೈ ಅದನ್ನ ಬೇಕಾದಷ್ಟು ತಾನೇ ಮಾಡ್ಕೊಳಲ್ಲ.

ಟ್ಯೂನಾ ಪ್ರಿಯ:
ಓಹ್. ಹೆಸರು ಬದಲಾಯಿಸ್ಬೇಕೇನೋ ನಾನು.

ಗುಂಡನ ಅಮ್ಮ:
ಯಾರಾದ್ರೂ ಎಚ್ಚರ ಇದೀರಾ?? ಪ್ಲೀಸ್. ಇವತ್ತು ಸಂಜೆ ಪಾಟೆ ಕೊಟ್ಟೆ, ಅವನಿಗೆ ಎಷ್ಟು ಇಷ್ಟ ಆಯ್ತು ಅಂದ್ರೆ ಪೂರ್ತಿ ಡಬ್ಬಿ ನೆಕ್ಕಿದ, ಆ ಖುಷಿಲಿ ಡ್ರೈ ಎತ್ತಿಟ್ಬಿಟ್ಟೆ ಪೂರ್ತಿ, ಇನ್ಸುಲಿನ್ ಮಾಮೂಲಿ 2 ಯೂನಿಟ್ಟೇ ಹಾಕಿದೆ. ಈಗ ನಡೆಯೋವಾಗ ತೂರಾಡ್ತಿದಾನೆ, ಕಣ್ಣು ಒಂಥರಾ ದೊಡ್ಡದಾಗಿದೆ. ಹೇಗೋ ಕಿವಿ ಚುಚ್ಚಿದೆ, 54 ತೋರಿಸ್ತಿದೆ

ನಿದ್ದೆಗೇಡಿ:
ಇದೀನಿ. 54 ಕಮ್ಮಿ, ತಡ ಮಾಡ್ಬೇಡಿ. ನುಂಗ್ತಾನಾ? ಗ್ರೇವಿ ಡಬ್ಬಿ ಇದ್ಯಾ ಮನೇಲಿ? ಇದ್ರೆ ಆ ರಸ ಕೊಡಿ ಈಗ್ಲೇ. ಜೇನುತುಪ್ಪನೋ ಗ್ಲೂಕೋಸ್ ಸಿರಪ್ಪೋ ಬೆರಳಲ್ಲಿ ತಗೊಂಡು ಒಸಡಿಗೆ ಸವರಿ, ಬಾಯೊಳಗೆ ಸುರೀಬೇಡಿ ಉಸಿರಿಗೆ ಹೋಗುತ್ತೆ. ಎಮರ್ಜೆನ್ಸಿ ಕ್ಲಿನಿಕ್ಕಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ. 15 ನಿಮಿಷಕ್ಕೆ ಮತ್ತೆ ಚುಚ್ಚಿ. ಫಿಟ್ಸ್ ಬಂದ್ರೆ ಒಸಡಿಗೆ ಸವರಿ ಸೀದಾ ಹೊರಡಿ, ಬೆರಳು ಹಲ್ಲಿನ ಮಧ್ಯ ಹೋಗದ ಹಾಗೆ.

ಗುಂಡನ ಅಮ್ಮ:
ಗ್ರೇವಿ ಕುಡಿದ. ಜೇನು ಸವರಿದೆ. ಕ್ಲಿನಿಕ್ಕಿನವರು ಲೈನಲ್ಲಿದಾರೆ

ಗುಂಡನ ಅಮ್ಮ:
71

ನಿದ್ದೆಗೇಡಿ:
ಗುಡ್. ಬಿಡ್ಬೇಡಿ, ಗ್ಲಾರ್ಜಿನ್ ಇನ್ನೂ ಗಂಟೆಗಟ್ಟಲೆ ಕೆಲಸ ಮಾಡುತ್ತೆ, ಸಕ್ಕರೆ ಬೇಗ ಕರಗಿಹೋಗುತ್ತೆ, ಮತ್ತೆ ಇಳೀಬಹುದು. ಇನ್ನೂ ಸ್ವಲ್ಪ ತಿನ್ನಿಸಿ.

ಗುಂಡನ ಅಮ್ಮ:
ಬೆಳಗಾಯ್ತು. ರಾತ್ರಿ ಕ್ಲಿನಿಕ್ಕಿಗೆ ಕರ್ಕೊಂಡೇ ಹೋದ್ವಿ, ಅಲ್ಲೇ ಇಟ್ಕೊಂಡು ಗಂಟೆಗೊಂದ್ಸಲ ನೋಡಿದ್ರು, ಈಗ 160, ಮನೆಗೆ ಬಂದು ಏನೂ ಆಗದೇ ಇರೋನ ಥರ ಕಿಟಕಿಲಿ ಕೂತಿದಾನೆ. ಡೋಸ್ 1 ಯೂನಿಟ್ಟಿಗೆ ಇಳಿಸಿದಾರೆ. ಸೂಜಿಮಲ್ಲಿ ಅಕ್ಕ ದೊಡ್ಡಕ್ಷರದಲ್ಲಿ ಓದ್ಕೊಳಿ ಅಂದಿದ್ರು, ಓದಿದ್ದೆ ಕೂಡ, ಅವನು ಡಬ್ಬಿ ನೆಕ್ಕೋದು ನೋಡಿ ಎಲ್ಲಾ ಮರೆತುಹೋಯ್ತು. ನಿದ್ದೆಗೇಡಿ ಅವ್ರೇ, ನಿಮಗೆ ಏನು ಹೇಳ್ಲಿ ಗೊತ್ತಾಗ್ತಿಲ್ಲ.

ನಿದ್ದೆಗೇಡಿ:
ಏನೂ ಹೇಳ್ಬೇಡಿ, ಮಲಗಿ. ಆ ಗ್ರೇವಿ ಡಬ್ಬಿಗಳನ್ನ ಎಸೀಬೇಡಿ, ನಾಲ್ಕು ಡಬ್ಬಿ ಇನ್ಸುಲಿನ್ ಪಕ್ಕದಲ್ಲೇ ಜೋಡ್ಸಿಡಿ. ಅದು ಔಷಧಿ ಈಗ.

ಸೂಜಿಮಲ್ಲಿ:
ಬದುಕಿದ್ವಿ! ರಾತ್ರಿ ನಾನು ಮಲಗಿಬಿಟ್ಟಿದ್ದೆ, ಬೆಳಿಗ್ಗೆ ನೋಡಿ ಕೈ ನಡುಗ್ತು. ಇನ್ಮೇಲೆ ಇನ್ಸುಲಿನ್ ಮುಂಚೆ ಪ್ರತಿ ಸಲ ಚುಚ್ಚಿ ನೋಡಿ. ಎಷ್ಟಕ್ಕಿಂತ ಕಮ್ಮಿ ಇದ್ರೆ ಇನ್ಸುಲಿನ್ ಹಾಕ್ದೆ ಫೋನ್ ಮಾಡ್ಬೇಕು ಅನ್ನೋ ನಂಬರನ್ನ ಡಾಕ್ಟ್ರ ಹತ್ರ ಬರೆಸ್ಕೊಂಡು ಫ್ರಿಜ್ ಬಾಗ್ಲಿಗೆ ಅಂಟ್ಸಿ. ಫುಡ್ಡನ್ನ ಹೇಗೆ ಬದಲಾಯಿಸ್ಬೇಕು ಅಂತಾನೂ ಕೇಳಿ, ಮಾಮೂಲಿ 7ರಿಂದ 10 ದಿನ ಸ್ವಲ್ಪಸ್ವಲ್ಪ ಬೆರೆಸಿ. ಮನುಷ್ಯರ ಮೀಟರ್ ಬಳಸೋರಿಗೆ ಒಂದು ಮಾತು, ಅದು ಬೆಕ್ಕಿನ ರಕ್ತಕ್ಕೆ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ, ಹಾಗಾಗಿ ನಿಮ್ ನಂಬರು ಗುಂಡನ ನಂಬರು ಪಕ್ಕಪಕ್ಕ ಇಟ್ಟು ಹೋಲಿಸ್ಬೇಡಿ.

ಬಾಲ ಎತ್ತಿದೋಳು:
ನಮ್ಮನೇದು ಉಲ್ಟಾ ಸಮಸ್ಯೆ, ಡಬ್ಬಿ ಮೂಸಿ ಮಣ್ಣು ಮುಚ್ಚೋ ಥರ ನೆಲ ಕೆರೆದು ಹೋಗ್ತಾಳೆ. ಡ್ರೈಗೆ ಅಷ್ಟು ಅಂಟಿಕೊಂಡಿದಾಳೆ. ಹಸಿದ್ರೆ ತಾನೇ ತಿಂತಾಳೆ ಅಂತ ಎರಡು ದಿನ ಬಿಟ್ರೆ ಆಗುತ್ತಾ?

ಎರಡು ಮೀಸೆ:
ಬೇಡವೇ ಬೇಡ. ಬೆಕ್ಕು ಎರಡು ಮೂರು ದಿನ ತಿನ್ನದೇ ಇದ್ರೆ ಮೈ ಕೊಬ್ಬೆಲ್ಲಾ ಲಿವರಿಗೆ ನುಗ್ಗಿ ಲಿವರೇ ಕೆಡುತ್ತೆ, ದಪ್ಪ ಬೆಕ್ಕಿಗಂತೂ ಬೇಗ. ಅದ್ರಲ್ಲೂ ಇನ್ಸುಲಿನ್ ಮೇಲಿರೋದನ್ನ ಉಪವಾಸ ಕೆಡವೋದು ಬೆಂಕಿ ಜೊತೆ ಆಟ. ಡಬ್ಬಿನ ಸ್ವಲ್ಪ ಬಿಸಿನೀರಲ್ಲಿ ಇಟ್ಟು ಮೈ ಬಿಸಿಗೆ ತನ್ನಿ, ಫ್ರಿಜ್ಜಿಂದ ತೆಗೆದ ತಣ್ಣಗಿನದಕ್ಕೆ ವಾಸನೆನೇ ಇರಲ್ಲ, ಬೆಕ್ಕು ಊಟ ಮಾಡೋದು ಮೂಗಲ್ಲಿ. ಅವಳ ಡ್ರೈ ಕಾಳನ್ನೇ ಪುಡಿ ಮಾಡಿ ಮೇಲೆ ಚೂರು ಉದುರಿಸಿ, ದಿನಾ ಪುಡಿ ಕಮ್ಮಿ ಮಾಡ್ತಾ ಹೋಗಿ. ಅಗಲ ತಟ್ಟೆಲಿ ಕೊಟ್ಟು ನೋಡಿ, ಮೀಸೆ ಅಂಚಿಗೆ ತಾಗೋದು ಕೆಲವಕ್ಕೆ ಇಷ್ಟ ಆಗಲ್ಲ (ನನ್ ಹೆಸರು ಬಂದಿದ್ದೇ ಆ ಥರದ್ದೊಂದರಿಂದ). ನಮ್ದು ಪೂರ್ತಿ ಬದಲಾಗೋಕೆ ಒಂದೂವರೆ ತಿಂಗಳು ತಗೊಳ್ತು. ರುಚಿಗೆ ಅಂತ ಮನುಷ್ಯರು ಕುಡಿಯೋ ಮಾಂಸದ ಸೂಪು, ಮಕ್ಕಳ ಬೇಬಿ ಫುಡ್ಡು ಬೆರೆಸೋರು ಇದಾರೆ, ಅದ್ರಲ್ಲಿ ಈರುಳ್ಳಿ ಬೆಳ್ಳುಳ್ಳಿ ಪುಡಿ ಇದ್ರೆ ಬೆಕ್ಕಿನ ರಕ್ತಕಣ ಒಡೆಯುತ್ತೆ, ಹುಷಾರು.

ಬಾಲ ಎತ್ತಿದೋಳು:
ಸರಿ ಸರ್. ಇನ್ನೊಂದು, ಇವಳಿಗೆ ಇಂಜೆಕ್ಷನ್ ಅಲ್ಲ, ಬಾಯಿಗೆ ಹಾಕೋ ವೆಲಾಗ್ಲಿಫ್ಲೋಜಿನ್ ಕೊಟ್ಟಿದಾರೆ. ಶುಗರ್ ನಾರ್ಮಲ್ಲೇ ಬರ್ತಿದೆ. ಹಾಗಿದ್ರೆ ಊಟದ ಬಗ್ಗೆ ಅಷ್ಟು ತಲೆ ಕೆಡಿಸ್ಕೋಬೇಕಾ?

ಸೂಜಿಮಲ್ಲಿ:
ಆ ಜಾತಿ ಔಷಧಿ ಸಕ್ಕರೆನ ಮೂತ್ರದಲ್ಲಿ ಹೊರಗೆ ಹಾಕುತ್ತೆ, ಅದಕ್ಕೇ ನಂಬರ್ ಚೆನ್ನಾಗಿ ಕಾಣುತ್ತೆ. ಆದ್ರೆ ಒಳಗೆ ಇನ್ಸುಲಿನ್ ಸಾಲದೇ ಹೋದ್ರೆ ಶುಗರ್ ನಾರ್ಮಲ್ ಇದ್ದೂ ಕೊಬ್ಬು ಕರಗಿ ಬರೋ ಕೀಟೋನ್ ಅನ್ನೋ ಆಮ್ಲ ರಕ್ತದಲ್ಲಿ ಏರಿ ಬೆಕ್ಕು ಕುಸಿದುಬಿಡ್ಬಹುದು. ನಿಮ್ಮವಳು ತಿನ್ನೋದು ಬಿಟ್ಲು, ಮಂಕಾದ್ಲು, ವಾಂತಿ ಮಾಡಿದ್ಲು ಅಂದ್ರೆ ಮೀಟರ್ ನಂಬದೇ ಅವತ್ತೇ ಡಾಕ್ಟರ್ ಹತ್ರ ಓಡಿ. ಹಾಗಾಗಿ ನಿಮ್ಮನೇಲಿ ಫುಡ್ ಬದಲಾಯಿಸೋ ಆಟ ಇನ್ನೂ ನಿಧಾನ ಇರ್ಲಿ, ಹೊಟ್ಟೆ ತುಂಬ ತಿನ್ನೋದು ಮೊದಲು, ಯಾವ ಡಬ್ಬಿ ಅನ್ನೋದು ಆಮೇಲೆ.

ಕಪ್ಪಿ ಅಪ್ಪ:
ಗ್ರೇನ್ ಫ್ರೀ ಮಾತಿಗೆ ನನ್ ತಪ್ಪು ಒಪ್ಕೋತೀನಿ. ಲೆಕ್ಕ ಹಾಕಿ ನೋಡ್ದೆ, ನಾನು ಇಷ್ಟು ದಿನ ಹೆಮ್ಮೆಯಿಂದ ಕೊಡ್ತಿದ್ದ ಡಬ್ಬಿಲಿ 22 ಪರ್ಸೆಂಟ್ ಕಾರ್ಬು. ಕಪ್ಪಿಗೆ ಹೋದ ವರ್ಷ ಇನ್ಸುಲಿನ್ ಪೂರ್ತಿ ನಿಂತಿತ್ತು, ರೆಮಿಷನ್ ಅಂದ್ರು, ಬೆಕ್ಕುಗಳಲ್ಲಿ ಬೇಗ ಚಿಕಿತ್ಸೆ ಶುರು ಮಾಡಿದ್ರೆ ಹಾಗಾಗುತ್ತಂತೆ. ನಾವು ವಾಸಿ ಆಯ್ತು ಅನ್ಕೊಂಡು ಮೆಲ್ಲಗೆ ಹಳೇ ಡ್ರೈ ಶುರು ಮಾಡಿದ್ವಿ, ಆಮೇಲೆ ಈ ಗ್ರೇನ್ ಫ್ರೀ. ಈಗ ಮತ್ತೆ ದಿನಕ್ಕೆರಡು ಸೂಜಿ. ಇದನ್ನ ಯಾರಿಗೂ ಹೇಳಿರಲಿಲ್ಲ.

ಸೂಜಿಮಲ್ಲಿ:
ಹೇಳಿದ್ದು ಒಳ್ಳೇದಾಯ್ತು ಅಪ್ಪ. ಇಲ್ಲಿ ಎಷ್ಟು ಜನ ಅದೇ ಮಾಡಿರ್ತಾರೋ.

ಗುಂಡನ ಅಮ್ಮ:
ಎರಡು ತಿಂಗಳಾದ್ಮೇಲೆ ಬಂದೆ, ಸುದ್ದಿ ಒಳ್ಳೇದೇ. ಇನ್ಸುಲಿನ್ ಅರ್ಧ ಯೂನಿಟ್ಟಿಗೆ ಬಂದಿದೆ, ನಂಬರ್ 90ರಿಂದ 140 ಒಳಗೆ ಓಡಾಡ್ತಿದೆ. ನೀರು ಕುಡಿಯೋದು ಮಾಮೂಲಿಗೆ ಬಂತು, ಸೋಫಾ ಮೇಲೆ ಹಾರ್ತಾನೆ. ಕಿವಿ ಚುಚ್ಚೋವಾಗ ಪುರ್ ಪುರ್ ಅಂತಾನೆ ಈಗ, ಚುಚ್ಚಿದ್ರೆ ತಿಂಡಿ ಬರುತ್ತೆ ಅಂತ ಗೊತ್ತಾಗಿದೆ ಕಳ್ಳನಿಗೆ. ದಿನಕ್ಕೆ ನಾಲ್ಕು ಸಲ ಸ್ವಲ್ಪಸ್ವಲ್ಪ ಕೊಡ್ತೀನಿ, ತೆರೆದ ಡಬ್ಬಿ ಮುಚ್ಚಿ ಫ್ರಿಜ್ಜಿಗೆ.

ನಾನೂ ಲೆಕ್ಕದಲ್ಲಿ ಪಳಗಿದೀನಿ. ಹೊಸ ಪಾಟೆ ಒಂದು 12 ಡಬ್ಬಿ ತರಿಸಿದ್ದೆ: ಪ್ರೋಟೀನ್ 12, ಫ್ಯಾಟ್ 5, ಫೈಬರ್ 1, ನೀರು 77. ಕೂಡಿದ್ರೆ 95, ಕಾರ್ಬ್ 5. ಕ್ಯಾಲೊರಿ 42, 42.5, 17.5, ಒಟ್ಟು 102. ಕಾರ್ಬ್ 17 ಪರ್ಸೆಂಟ್! ಪಾಟೆ ಅಂತ ನಂಬಿ ಕೊಡೋ ಮುಂಚೆ ಲೆಕ್ಕ ಹಾಕಿದ್ದಕ್ಕೆ ಉಳ್ಕೊಂಡೆ.

ಎರಡು ಮೀಸೆ:
ಅಕ್ಕ, ಬೂದಿ ಎಲ್ಲಿ?

ಗುಂಡನ ಅಮ್ಮ:
ಡಬ್ಬಿ ಮೇಲೆ ಬೂದಿ ಬರೆದೇ ಇಲ್ಲ

ಎರಡು ಮೀಸೆ:
ಬರೆದಿಲ್ಲ ಅಂದ್ರೆ ಇಲ್ಲ ಅಂತಲ್ಲ, 2.5 ಹಿಡ್ಕೊಳಿ ಅಂದಿದ್ನಲ್ಲ. ಆಗ ಕಾರ್ಬ್ 5 ಅಲ್ಲ 2.5, ಅದ್ರ ಕ್ಯಾಲೊರಿ 8.75, ಒಟ್ಟು 93.25. ಒಂಬತ್ತು ಚಿಲ್ಲರೆ ಪರ್ಸೆಂಟ್. ಅಲ್ಲದೆ ಲೇಬಲ್ಲಲ್ಲಿ ಪ್ರೋಟೀನ್ ಫ್ಯಾಟ್ "ಕನಿಷ್ಠ ಇಷ್ಟು" ಅಂತ ಇದ್ರೆ ನಿಜವಾದ್ದು ಇನ್ನೂ ಜಾಸ್ತಿ ಇರ್ಬಹುದು, ಆಗ ಕಾರ್ಬ್ ಇನ್ನೂ ಇಳಿಯುತ್ತೆ. ಸರಿಯಾದ ಲೆಕ್ಕ ಬೇಕಿದ್ರೆ ಕಂಪನಿಗೆ ಮೇಲ್ ಹಾಕಿ ಟಿಪಿಕಲ್ ಅನಾಲಿಸಿಸ್, ಅಂದ್ರೆ ಡಬ್ಬಿಲಿ ನಿಜವಾಗ್ಲೂ ಇರೋ ಸರಾಸರಿ ಅಂಕಿ, ಕೇಳಿ. ನನ್ ಪ್ರಕಾರ ಅದು ಗುಂಡನಿಗೆ ನಡೆಯೋ ಡಬ್ಬಿನೇ, ಡಾಕ್ಟ್ರಿಗೆ ಒಂದು ಮಾತು ಹೇಳಿ ಕೊಡಿ.

ಗುಂಡನ ಅಮ್ಮ:
ಅಯ್ಯೋ. ಹನ್ನೆರಡಕ್ಕೆ ಹನ್ನೆರಡೂ ಪಕ್ಕದ್ಮನೆ ಬೆಕ್ಕಿಗೆ ಕೊಟ್ಬಂದೆ ನಿನ್ನೆ 😭